ಕಪ್ಪು ಬಟ್ಟೆ ಒಂದು, ಒಳಗೆ ಹೆಂಗಸು ಒಬ್ಬಳು

ಹಗಲು ಹೊತ್ತಲ್ಲಿ ಕಥೆ ಹೇಳಿದರೆ ಹೇಳಿದವರ ತಲೆಯ ಮೇಲೆ ಕೊಂಬು ಮೂಡುತ್ತದೆ ಎನ್ನುತ್ತಿದ್ದಳು ನನ್ನಜ್ಜಿ. ಅದಕ್ಕೇ ಅವಳ ಕಥೆಗಳೆಲ್ಲ ಒಲೆಯ ಕೆಂಡ ಮಂಕಾದ ಮೇಲೆ ಶುರುವಾಗುತ್ತಿದ್ದವು. ನಾನು ಇದನ್ನು ಹಗಲಲ್ಲೇ ಹೇಳುತ್ತೇನೆ. ಕೊಂಬು ಮೂಡಿದರೆ ಮೂಡಲಿ. ನಮ್ಮೂರಲ್ಲಿ ಈಗ ಕೊಂಬೇ ಬೇಕಾಗಿದೆ.

ಅಜ್ಜಿಯ ಕಥೆಯ ರಾಜರು ಸಾಮಾನ್ಯವಾಗಿ ದಡ್ಡರು. ಒಬ್ಬ ರಾಜ, ಮೇಕೆಗಳು ಮೇಯಬಹುದು, ನುಂಗಬಾರದು ಎಂದು ಡಂಗುರ ಹೊಡೆಸಿದ್ದ. ನಾವು ಮಕ್ಕಳು ಕಂಬಳಿಯೊಳಗೆ ಬಿದ್ದು ಬಿದ್ದು ನಗುತ್ತಿದ್ದೆವು. ದೊಡ್ಡವಳಾದ ಮೇಲೆ ಅದೇ ಕಾನೂನಿನ ಕೆಳಗೆ ಬದುಕುತ್ತೇನೆಂದು ಯಾರಿಗೆ ಗೊತ್ತಿತ್ತು.

ನಮ್ಮೂರಿನ ಹೆಸರು ಹಾ ಲೆಬೊನಾ. ಲೆಸೋಥೋದ ಗುಡ್ಡದ ಮೇಲಿದೆ. ಕೆಳಗೆ ಹೊಳೆ. ಹೊಳೆಯಾಚೆ ದಕ್ಷಿಣ ಆಫ್ರಿಕ. ಆಚೆಯವರೂ ನಮ್ಮವರೇ. ಅದೇ ಮಾತು, ಅದೇ ಕಂಬಳಿ, ಅದೇ ಮೆಕ್ಕೆಜೋಳದ ಪಾಪಾ ಮುದ್ದೆ. ನಮ್ಮ ಅತ್ತೆಯಂದಿರು ಆಚೆ ಸಂಸಾರ ಮಾಡುತ್ತಾರೆ, ಆಚೆಯ ಹುಡುಗಿಯರು ಈಚೆ ಸೊಸೆಯಾಗಿ ಬರುತ್ತಾರೆ. ಎರಡೂ ದಡದಲ್ಲಿ ಮೆಕ್ಕೆಜೋಳದ ಸಾಲಿನ ನಡುವೆ ಗಾಂಜಾ ಬೆಳೆಯುತ್ತದೆ. ನಮ್ಮ ಅಜ್ಜಿಯಂದಿರ ಅಜ್ಜಿಯಂದಿರೂ ಬೆಳೆದಿದ್ದರು. ಕೆಮ್ಮಿಗೆ ಅದೇ, ಕುದುರೆಯ ಹೊಟ್ಟೆನೋವಿಗೆ ಅದೇ, ಮುದುಕರ ಚುಟ್ಟಕ್ಕೂ ಅದೇ.

ಆಮೇಲೆ ಕಾನೂನು ಬಂತು. ಒಂದಲ್ಲ, ಎರಡು.

ಈಚೆ ದಡದ ಕಾನೂನು ಹೀಗೆ: ಲೈಸೆನ್ಸು ಇದ್ದವರು ಗಾಂಜಾ ಬೆಳೆಯಬಹುದು, ಪೆಟ್ಟಿಗೆಗೆ ತುಂಬಬಹುದು, ವಿಮಾನ ಹತ್ತಿಸಿ ಹೊರದೇಶಕ್ಕೆ ಮಾರಬಹುದು. ಆಗ ಅದಕ್ಕೆ ಔಷಧಿ ಎಂದು ಹೆಸರು. ಉಳಿದವರು ಬೆಳೆಯಬಾರದು, ಇಟ್ಟುಕೊಳ್ಳಬಾರದು, ಸೇದಬಾರದು. ಲೈಸೆನ್ಸು ತೆಗೆಯಲು ನಮ್ಮೂರಿನ ಕುರಿ, ಕುದುರೆ, ಚರ್ಚಿನ ಗಂಟೆ ಎಲ್ಲ ಮಾರಿದರೂ ಸಾಲದು.

ಆಚೆ ದಡದ ಕಾನೂನು ಹೀಗೆ: ಹದಿನೆಂಟು ತುಂಬಿದವರು ತಮ್ಮ ಮನೆಯಲ್ಲಿ ಕೂತು ಸೇದಬಹುದು. ತಮಗೆ ಬೇಕಾದಷ್ಟನ್ನು ಹಿತ್ತಲಲ್ಲಿ ಬೆಳೆದುಕೊಳ್ಳಬಹುದು. ಮಾರುವ ಹಾಗಿಲ್ಲ.

"ಅಂದ್ರೆ ಇಲ್ಲಿ ಮಾರ್ಬೋದು, ಸೇದ್ಬಾರ್ದು. ಅಲ್ಲಿ ಸೇದ್ಬೋದು, ಮಾರ್ಬಾರ್ದು," ಎಂದಳು ಮಾನಾಪೊ, ಹೊಳೆಯಲ್ಲಿ ಬಟ್ಟೆ ಒಗೆಯುತ್ತ. ಅವಳು ನಮ್ಮ ಓಣಿಯ ಹಿರಿಯಳು, ಬಾಯಿ ಮಾತ್ರ ಹದಿನೆಂಟರದ್ದು. "ಹೊಳೆ ಮಧ್ಯ ಈ ಬಂಡೆ ಮೇಲೆ ಕೂತ್ಕೊಂಡ್ರೆ ಏನ್ ಮಾಡ್ಬೋದೇ?"

"ಸ್ನಾನ ಮಾಡ್ಬೋದು," ಎಂದಳು ಮಾಪುಲೆಂಗ್.

ಆಗ ಮಾಪುಲೆಂಗ್ ಇನ್ನೂ ನಗುತ್ತಿದ್ದಳು. ಅವಳ ಗಂಡ ಮೊಹಾಪಿ ಇನ್ನೂ ಬದುಕಿದ್ದ.

ಮೊಹಾಪಿ ಆಚೆ ದೇಶದ ಚಿನ್ನದ ಗಣಿಯಲ್ಲಿ ದುಡಿದು ಬಂದವನು. ಚಿನ್ನ ಅಲ್ಲೇ ಉಳಿಯಿತು, ಧೂಳು ಅವನ ಎದೆಯೊಳಗೆ ಬಂತು. ಮಾತಿಗೊಮ್ಮೆ ಕೆಮ್ಮುತ್ತಿದ್ದ. ಸಂಜೆ ಒಂದು ಚುಟ್ಟ ಸೇದಿದರೆ ಎದೆ ಸಡಿಲಾಗಿ ನಿದ್ದೆ ಬರುತ್ತಿತ್ತು. ಎರಡು ಸಲ ಪೊಲೀಸರು ಅವನ ಮನೆಯೊಳಗೇ ಬಂದು ಹಿಡಿದರು. ಎರಡನೆಯ ಸಲ ಅಂಗಳದಲ್ಲಿ ಹೆಂಡತಿ ಮಗಳ ಎದುರು ಮಂಡಿಯೂರಿಸಿ ಕೂರಿಸಿದರು. ಅಂದು ಅವನು ಒಂದು ತೀರ್ಮಾನಕ್ಕೆ ಬಂದ. ಇನ್ನು ಮೇಲೆ ಕಾನೂನು ಮುರಿಯುವುದಿಲ್ಲ.

ದಿನಾ ಸಂಜೆ ಕಂಬಳಿ ಹೊದ್ದು ಹೊಳೆ ದಾಟುತ್ತಿದ್ದ. ಆಚೆ ಅವನ ಸೋದರತ್ತೆಯ ಮನೆ. ಅಲ್ಲಿ ಒಲೆ ಪಕ್ಕ ಕೂತು, ವಯಸ್ಸಿಗೆ ಬಂದ ಗಂಡಸಿನ ಹಾಗೆ, ಸರ್ಕಾರದ ಒಪ್ಪಿಗೆಯಿಂದ ಒಂದು ಚುಟ್ಟ ಸೇದಿ ವಾಪಸು ಬರುತ್ತಿದ್ದ.

"ಎಲ್ಲಿಗೆ ಹೊರಟ್ರಿ, ನ್ತಾತೆ?" ಎಂದು ದೊಡ್ಡವರನ್ನು ಕೇಳುವ ಮರ್ಯಾದೆಯಲ್ಲೇ ನಾನು ಕೇಳುತ್ತಿದ್ದೆ.

"ಕಾನೂನು ಪ್ರಕಾರ ಉಸಿರಾಡಕ್ಕೆ, ಮಗಾ."

ಚಳಿಗಾಲ ಬಂತು. ಗುಡ್ಡಕ್ಕೆ ಹಿಮ ಬಿತ್ತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹಿಮದ ನೀರಲ್ಲಿ ಸೊಂಟದ ತನಕ ನೆನೆಯುತ್ತಿದ್ದ. ಧೂಳು ತುಂಬಿದ ಎದೆಗೆ ಶೀತ ಇಳಿಯಿತು. ಜ್ವರ ಬಂತು. ಹೋಗಿಬಿಟ್ಟ. ಕಾನೂನು ಮುರಿದು ಸತ್ತವರನ್ನು ಊರು ನೋಡಿತ್ತು. ಪಾಲಿಸಿ ಸತ್ತವನು ಇವನೇ ಮೊದಲು.

ಮಣ್ಣು ಮಾಡಿ ಬಂದ ಮೇಲೆ ಗಂಡನ ಕಡೆಯವರು ಮಾಪುಲೆಂಗಳ ತಲೆ ಬೋಳಿಸಿದರು. ಕಪ್ಪು ಬಟ್ಟೆ ತೊಡಿಸಿದರು. ಉದ್ದನೆಯ ಅಂಗಿ, ಹೆಗಲ ಮೇಲೆ ಗಿಡ್ಡ ಮೇಲುಹೊದಿಕೆ, ತಲೆಗೆ ಕಪ್ಪು ವಸ್ತ್ರ. ನಾವು ಇದಕ್ಕೆ ಥಾಪೊ ಅನ್ನುತ್ತೇವೆ. ಅದನ್ನು ತೊಟ್ಟವಳು ಜೋರಾಗಿ ನಗಬಾರದು, ಯಾರ ಕೈಯನ್ನೂ ಕುಲುಕಬಾರದು. ಸೂರ್ಯ ಮುಳುಗುವ ಮೊದಲು ಮನೆ ಸೇರಿರಬೇಕು. ಮುಂದಿನ ಕೊಯ್ಲಿನ ತನಕ ಥಾಪೊ ಮೈಮೇಲಿರಬೇಕು. ತೆಗೆಯುವುದು ಗಂಡನ ಕಡೆಯವರ ಕೆಲಸ. ಅವರು ಕುರಿ ಕಡಿಯಬೇಕು, ಹೆಂಡ ಕಾಯಿಸಬೇಕು, ಹೊಸ ಬಟ್ಟೆ ತರಬೇಕು. ಕಪ್ಪು ಬಟ್ಟೆಯನ್ನು ಅವರ ಕೈಯಿಂದಲೇ ಬೆಂಕಿಗೆ ಹಾಕಬೇಕು. ಅದಕ್ಕೂ ಮುಂಚೆ ಕಳಚಿದವಳು ಗಂಡನನ್ನು ಬಿಸಾಡಿದವಳು. ಅಂಥವಳಿಗೆ ಮನೆಯಿಲ್ಲ, ಹೊಲವಿಲ್ಲ. ಮಗಳು ಪುಲೆಂಗಳ ಕೈ ಹಿಡಿದುಕೊಂಡು ಎಲ್ಲಿಗಾದರೂ ಹೋಗಬೇಕು.

ಹೊಲವೂ ಅಷ್ಟರಲ್ಲಿ ಅರ್ಧ, ಲೈಸೆನ್ಸು ಪಡೆದ ಹೊರಗಿನ ಕಂಪನಿಯೊಂದರ ಪಾಲಾಗಿತ್ತು. ಮಾಪುಲೆಂಗಳ ಇಳಿಜಾರಿನಲ್ಲಿದ್ದ ಗಾಂಜಾ ಗಿಡಗಳನ್ನು ಪೊಲೀಸರು ಬೇರುಸಹಿತ ಕಿತ್ತು ಸುಟ್ಟರು. ಅದೇ ವಾರ, ಅದೇ ಇಳಿಜಾರಿನ ಬುಡದಲ್ಲಿ, ಕಂಪನಿ ತನ್ನ ಗಾಜಿನ ಮನೆಗಳಲ್ಲಿ ಗಾಂಜಾ ನೆಟ್ಟಿತು. ಅದೇ ಪೊಲೀಸರು ಅದಕ್ಕೆ ಕಾವಲು ನಿಂತರು. ಸಂಜೆ ಗಾಜಿನ ಮನೆಗಳ ದೀಪ ಹೊತ್ತಿಕೊಂಡರೆ ನನಗೆ ಚಂದ್ರ ಜಾರಿಬಿದ್ದು ಬೇಲಿಯೊಳಗೆ ಸಿಕ್ಕಿಕೊಂಡ ಹಾಗೆ ಕಾಣುತ್ತಿತ್ತು. ಸುತ್ತ ಮುಳ್ಳುತಂತಿ ಬೇರೆ. ಚಂದ್ರ ಎಲ್ಲಿ ಓಡಿಹೋಗುತ್ತಾನೋ ಎಂದು.

ಕಂಪನಿಯ ಬಿಳಿ ಯಜಮಾನನಿಗೆ ನಾವು ಗಾಜಿನಪ್ಪ ಎಂದು ಹೆಸರಿಟ್ಟಿದ್ದೆವು. ಅವನಿಗೆ ಹೂ ಬಿಡಿಸುವ ಕೈಗಳು ಬೇಕಿದ್ದವು. ನಮಗೆ ಹಿಟ್ಟು ಬೇಕಿತ್ತು. ಓಣಿಯ ಹೆಂಗಸರೆಲ್ಲ ಹೋದೆವು. ಮಾನಾಪೊ ಹೋದಳು, ನಾನು ಹೋದೆ. ಮಾಪುಲೆಂಗ್ ಥಾಪೊ ತೊಟ್ಟುಕೊಂಡೇ ಬಂದಳು. ಬಾಗಿಲಲ್ಲಿ ಕಾವಲಿಗಿದ್ದವನು ಸೆಯಾಬಾತಾ, ಮೊಹಾಪಿಯ ಸ್ವಂತ ತಮ್ಮ. ಅವನು ಅತ್ತಿತ್ತ ನೋಡಿ, "ಬಿಳಿ ಅಂಗಿ ಮೇಲೆ ಹಾಕ್ಕೊಂಡುಬಿಡಿ ಅತ್ತಿಗೆ, ಒಳಗಿರೋದು ಯಾರಿಗೂ ಕಾಣಲ್ಲ," ಎಂದು ಒಳಗೆ ಬಿಟ್ಟ.

ಕೆಲಸ ಎಂದರೆ ಇಷ್ಟೆ. ಒಣಗಿದ ಕೊಂಬೆ ಎತ್ತಿಕೊಳ್ಳುವುದು. ಕತ್ತರಿಯಿಂದ ಸಣ್ಣ ಎಲೆಗಳನ್ನು ಕತ್ತರಿಸಿ ಹೂವನ್ನು ಬೋಳು ಮಾಡುವುದು. ಮತ್ತೊಂದು ಕೊಂಬೆ. ನಿಂತೇ ಮಾಡಬೇಕು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಮಡಚಲು ಬರುತ್ತಿರಲಿಲ್ಲ. ಹೂವಿನ ಅಂಟು ಬೆರಳಿಗೆ ಹತ್ತಿ ಕಪ್ಪಗೆ ಗಟ್ಟಿಯಾಗುತ್ತಿತ್ತು. ಒಂದಕ್ಕೆ ಹೋಗಲು ಕೈಯೆತ್ತಿ ಕೇಳಬೇಕು. ಮೂರು ಮಕ್ಕಳನ್ನು ಹೆತ್ತವರು ಶಾಲೆಯ ಹುಡುಗಿಯರ ಹಾಗೆ ಕೈಯೆತ್ತಿ ನಿಲ್ಲುತ್ತಿದ್ದೆವು. ಗಂಟಲಲ್ಲಿ ಹೂವಿನ ಘಾಟು. ಅದೇ ಘಾಟು ಮನೆಯಲ್ಲಿ ಬಂದರೆ ಜೈಲು.

ಹೊರಗೆ ಹೋಗುವಾಗ ತಪಾಸಣೆ. ಕೂದಲಿಗೆ ಬಾಚಣಿಗೆ ಹಾಕುತ್ತಿದ್ದರು, ಹೂವಿನ ಚೂರು ಸಿಗುತ್ತದೇನೋ ಎಂದು. ಬಾಯಿ ತೆಗೆ. ನಾಲಿಗೆ ಎತ್ತು. ಕೈ ಚಾಚು. ಉಗುರಿನಡಿಯ ಅಂಟನ್ನು ಕಡ್ಡಿಯಿಂದ ಕೆರೆದು ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. ಅದೂ ಕಂಪನಿಯದ್ದು. ಉಗುರು ಮಾತ್ರ ನಮ್ಮದು.

"ನನ್ನ ಗಂಡನೂ ಇಷ್ಟು ಹುಡುಕಿರ್ಲಿಲ್ಲ ಕಣೋ ನನ್ನ ಮೈಯಲ್ಲಿ," ಎಂದಳು ಮಾನಾಪೊ ಒಂದು ದಿನ ಸೆಯಾಬಾತಾನಿಗೆ. ಅವನು ತಲೆ ತಗ್ಗಿಸಿಕೊಂಡು ಬಾಚಿದ. ಸಂಬಳದವನು.

ಬೇಸಿಗೆಯಲ್ಲಿ ಒಂದು ದಿನ ಸಾಲು ನಿಂತುಬಿಟ್ಟಿತು. ಹೂವು ಕೊಳ್ಳುವ ದೇಶದಿಂದ ಪರೀಕ್ಷೆ ಮಾಡುವವರು ಮಾರನೆಯ ದಿನ ಬರುವವರಿದ್ದರು. ಗಾಜಿನಪ್ಪ ತಾನೇ ಬಾಗಿಲಿಗೆ ಬಂದು ನಿಂತಿದ್ದ. ಅವನು ಇಂಗ್ಲಿಷಿನಲ್ಲಿ ಉದ್ದಕ್ಕೆ ಮಾತಾಡುತ್ತಿದ್ದ, ಸೆಯಾಬಾತಾ ಅದನ್ನು ಗಿಡ್ಡ ಮಾಡಿ ನಮಗೆ ಕೊಡುತ್ತಿದ್ದ. ಮಾಪುಲೆಂಗ್ ಬಿಳಿ ಅಂಗಿ ಬಿಚ್ಚಿದಳು. ಅಂಗಿಯ ತೋಳು ಹರಿದಿತ್ತು. ಅಲ್ಲಿಂದ ಅಂಟು ಇಳಿದು ಥಾಪೊದ ಎರಡೂ ತೋಳು, ಎದೆ ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುತ್ತಿದ್ದವು.

ಗಾಜಿನಪ್ಪ ಬೆರಳು ತೋರಿಸಿದ. ಏನೋ ಹೇಳಿದ. ಸೆಯಾಬಾತಾ ನಮ್ಮತ್ತ ತಿರುಗಿದ.

"ಅತ್ತಿಗೆ, ಆ ಬಟ್ಟೆ ಹೊರಗೆ ಹೋಗೋ ಹಾಗಿಲ್ಲವಂತೆ. ಹೂವಿನಂಟು ಮೆತ್ತಿದ್ದೆಲ್ಲ ಕಂಪನಿ ಲೆಕ್ಕಕ್ಕಂತೆ. ಇಲ್ಲೇ ಕಳಚಿ ಕೊಡ್ಬೇಕಂತೆ. ಒಲೇಲಿ ಸುಡ್ತಾರಂತೆ. ಪ್ಲಾಸ್ಟಿಕ್ ಅಂಗಿ ಕೊಡ್ತಾರಂತೆ, ಮನೆಗ್ ಹೋಗಕ್ಕೆ."

"ಇದು ಥಾಪೊ."

"ಗೊತ್ತು ಅತ್ತಿಗೆ."

"ನಿಮ್ಮಣ್ಣಂದು."

"ಗೊತ್ತು."

"ಅವನಿಗೆ ಹೇಳು."

ಅವನು ಹೇಳಿದ. ಗಾಜಿನಪ್ಪ ಗಮನವಿಟ್ಟು ಕೇಳಿದ. ಒಳ್ಳೆಯ ಮನುಷ್ಯನ ಹಾಗೆ ತಲೆದೂಗಿದ. ತನಗೆ ಇಲ್ಲಿಯ ಸಂಪ್ರದಾಯದ ಬಗ್ಗೆ ಬಹಳ ಗೌರವ ಎಂದು ಹೇಳಿದನಂತೆ. ಹಾಗಾದರೆ ಇದನ್ನು ಕಳಚುವ ಅಧಿಕಾರ ಯಾರಿಗಿದೆ ಎಂದು ಕೇಳಿದನಂತೆ.

"ಗಂಡನ ಕಡೆಯವ್ರಿಗೆ ಅಂತ ಹೇಳ್ದೆ," ಎಂದ ಸೆಯಾಬಾತಾ.

"ಅದಕ್ಕೇನಂದ?"

ಅವನು ತನ್ನ ಬೂಟು ನೋಡಿಕೊಂಡ. "ನೀನೇ ತಾನೆ ಅವಳ ಮೈದುನ, ನೀನೇ ಕಳಚು ಅಂದ."

ಸಾಲಿನಲ್ಲಿದ್ದ ಹೆಂಗಸರೆಲ್ಲ ಬಾಯಿಗೆ ಕೈ ಇಟ್ಟುಕೊಂಡರು. ಸೆಯಾಬಾತಾ ಬಾಚಣಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕಳಚಿದರೆ ಅತ್ತಿಗೆ ಬೀದಿಗೆ ಬೀಳುತ್ತಾಳೆ, ಅಣ್ಣನ ಮನೆ ಇವನಿಗೆ ಬರುತ್ತದೆ. ಕಳಚದಿದ್ದರೆ ಕೆಲಸ ಹೋಗುತ್ತದೆ. ಎರಡರಲ್ಲಿ ಯಾವುದು ಅವನನ್ನು ತಡೆದು ನಿಲ್ಲಿಸಿತೋ ನನಗೆ ಗೊತ್ತಿಲ್ಲ.

ಮಾನಾಪೊ ಸಾಲು ಬಿಟ್ಟು ಮುಂದೆ ಬಂದಳು. "ಹೇಳೋ ನಿಮ್ಮ ಯಜಮಾನಂಗೆ. ಥಾಪೊ ತೆಗೆಯೋದು ಅಂದ್ರೆ ಈರುಳ್ಳಿ ಸಿಪ್ಪೆ ತೆಗೆಯೋದಲ್ಲ. ಕುರಿ ಬೇಕು. ಹೆಂಡ ಬೇಕು. ಹೊಸ ಬಟ್ಟೆ ಬೇಕು. ಆಮೇಲೆ ತೆಗೆಸಿದವ್ರು ಅವಳನ್ನ ಸಾಯೋ ತನ್ಕ ನೋಡ್ಕೋಬೇಕು."

ಕುರಿ ಎಂಬ ಮಾತು ಕೇಳಿ ಗಾಜಿನಪ್ಪನ ಮುಖ ಅರಳಿತು. ಕುರಿ ಅವನಿಗೆ ಅರ್ಥವಾಗುವ ವಸ್ತು. ಅದಕ್ಕೆ ಬೆಲೆ ಇದೆ.

"ಕಂಪನಿ ಕುರಿ ಕೊಡ್ಸತ್ತಂತೆ," ಎಂದ ಸೆಯಾಬಾತಾ. "ಈಗ್ಲೇ ತರಿಸ್ತಾರಂತೆ. ಬೇಕಾದ್ರೆ ಎರಡು."

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡೆವು. ಮೊದಲು ನಕ್ಕವಳು ಮಾನಾಪೊ. ಆಮೇಲೆ ಎಲ್ಲರೂ.

"ಹಂಗಾದ್ರೆ ಒಳ್ಳೇದಾಯ್ತಲ್ಲೇ, ಮಾಪುಲೆಂಗ್. ಕಂಪನಿನೇ ನಿನ್ನ ಮೈದುನ ಆಗತ್ತೆ. ಪುಲೆಂಗ್‌ಗೆ ಗಾಜಿನಪ್ಪ ಚಿಕ್ಕಪ್ಪ. ನಿಮ್ಮನೆ ಸೋರೋ ಮಾಡು ಅವನೇ ಹೊದಿಸ್ತಾನೆ. ನಿನ್ನ ಹೊಲ ಅವನೇ ಉಳ್ತಾನೆ. ಸತ್ತಾಗ ಅವನೇ ಗುಂಡಿ ತೋಡ್ತಾನೆ."

ಇದನ್ನೂ ಸೆಯಾಬಾತಾ ಇಂಗ್ಲಿಷಿಗೆ ಮಾಡಿದ. ಗಾಜಿನಪ್ಪನೂ ನಕ್ಕ. ಒಪ್ಪಿಗೆ ಎಂದು ಕೈಯಾಡಿಸಿದ. ಕುರಿ ಎಂದರೆ ಕುರಿ, ಅದರ ಹಿಂದೆ ಇಡೀ ನೆಂಟಸ್ತಿಕೆ ಬರುತ್ತದೆಂದು ಅವನಿಗೆ ಎಲ್ಲಿ ಗೊತ್ತು. ಒಂದು ಗಳಿಗೆ ನನಗೂ ಆಸೆಯಾಯಿತು. ಹೂಂ ಅನ್ನು, ’ಮ್ಮೆ, ಎಂದು ಅಮ್ಮನನ್ನು ಕರೆಯುವ ಹಾಗೆ ಮಾಪುಲೆಂಗಳನ್ನು ಮನಸಿನಲ್ಲೇ ಕೇಳಿಕೊಂಡೆ. ಊರ ಪಂಚಾಯಿತಿಯಲ್ಲಿ ಅವನನ್ನು ನಿಲ್ಲಿಸಿ, ನೀನು ಕುರಿ ಕೊಟ್ಟವನು, ಅತ್ತಿಗೆಯ ಇಳಿಜಾರು ವಾಪಸು ಕೊಡು ಎಂದು ಕೇಳಬಹುದಿತ್ತು.

ಮಾಪುಲೆಂಗ್ ನಗಲಿಲ್ಲ.

"ಬೇಡ," ಎಂದಳು.

"ಏನು ಬೇಡ, ಅತ್ತಿಗೆ?"

"ಅವನ ಕುರಿ. ನನ್ನ ಗಂಡ ಉಸಿರಿಗೋಸ್ಕರ ಹೊಳೆ ದಾಟಿ ಸತ್ತ. ಇವನು ಅದೇ ಗಿಡದ ಮಧ್ಯ ನಿಂತು ಉಸಿರಾಡ್ತಾನೆ. ಇಂಥ ಮೈದುನ ನನಗೆ ಬೇಡ."

ಹೇಳಿ, ಬಾಗಿಲ ಈಚೆಗೇ, ತಪಾಸಣೆಯ ಬಿಳಿ ಗೆರೆಯ ಒಳಗೇ, ಕಾಲು ಚಾಚಿ ಕೂತುಬಿಟ್ಟಳು. "ಬಟ್ಟೆ ಹೊರಗೆ ಹೋಗಬಾರ್ದು ತಾನೆ. ಹೋಗಲ್ಲ. ಇಲ್ಲೇ ಇರತ್ತೆ. ನಾನೂ ಇರ್ತೀನಿ."

ಅವಳ ಹಿಂದೆ ನಾನು ಕೂತೆ. ನನ್ನ ಹಿಂದೆ ಮಾನಾಪೊ, ಮಂಡಿ ಹಿಡಿದುಕೊಂಡು, ಅಯ್ಯಪ್ಪಾ ಎನ್ನುತ್ತ. ಆಮೇಲೆ ಇಡೀ ಸಾಲು. ಕೂತು ಕೆಲಸ ಮಾಡಲು ಬಿಡದ ಆ ನೆಲದ ಮೇಲೆ ನಾವು ಮೊದಲ ಸಲ ಕೂತೆವು. ತಂಪಾಗಿತ್ತು.

ಸಾರ್ಜೆಂಟ್ ರಾಲೆಬಿತ್ಸೊ ಬಂದ. ಕಂಪನಿಯ ಲಾರಿಗೆ ಬೆಂಗಾವಲಾಗಿ ಬಂದವನು. ಮೊಹಾಪಿಯನ್ನು ಮಂಡಿಯೂರಿಸಿದ್ದವನೂ ಇವನೇ. ಗಾಜಿನಪ್ಪ ಅವನಿಗೆ ಉದ್ದಕ್ಕೆ ವಿವರಿಸಿದ.

"ಅರೆಸ್ಟ್ ಮಾಡಿ ಅಂತಾರೆ ಸಾಹೇಬ್ರು," ಎಂದ ಸಾರ್ಜೆಂಟ್, ಟೋಪಿ ತೆಗೆದು ತಲೆ ಕೆರೆದುಕೊಂಡು. "ಆದ್ರೆ ಈಯಮ್ಮ ಕೂತಿರೋದು ಬೇಲಿ ಒಳಗೆ. ಒಳಗಿದ್ರೆ ಅದು ಔಷಧಿ. ಔಷಧಿ ಮೆತ್ಕೊಂಡಿದ್ದಕ್ಕೆ ಯಾವ ಸೆಕ್ಷನ್ ಹಾಕ್ಲಿ?"

"ಹೊರಗೆ ಬಂದ್ರೆ?" ಎಂದು ನಾನು ಕೇಳಿದೆ.

"ಹೊರಗೆ ಬಂದ್ರೆ ಗಾಂಜಾ. ಜೈಲು."

"ಹೊಳೆ ದಾಟಿದ್ರೆ?"

"ಅತ್ತೆ ಮನೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ಅವಳ ಸ್ವಂತ ವಿಷಯ."

"ಒಂದೇ ಬಟ್ಟೆನಾ, ಸಾರ್?"

"ಒಂದೇ ಬಟ್ಟೆ ಕಣಮ್ಮ. ನನ್ನನ್ನೇನ್ ಕೇಳ್ತೀಯ. ಕಾನೂನು ಮಾಡಿದ್ದು ನಾನಾ?"

ಗಾಜಿನಪ್ಪನಿಗೆ ಯಾರೋ ಒಂದು ವಿಷಯ ಹೇಳಿಕೊಟ್ಟರು. ಥಾಪೊ ತೊಟ್ಟವಳು ಹೊತ್ತು ಮುಳುಗುವ ಮೊದಲು ಮನೆ ಸೇರಬೇಕು ಎಂಬುದು. ಅವನು ಗಡಿಯಾರ ನೋಡಿಕೊಂಡ. ಕುರ್ಚಿ ತರಿಸಿ ಕೂತ. ಕಾಫಿ ತರಿಸಿದ. ನಮ್ಮ ಸಂಪ್ರದಾಯದ ಬಗ್ಗೆ ಅವನಿಗಿದ್ದ ಗೌರವ ಆಗ ನಿಜಕ್ಕೂ ಹೆಚ್ಚಾಯಿತು.

ಬಿಸಿಲು ಗಾಜಿನ ಮೇಲಿಂದ ಜಾರಿತು. ಬೇಲಿಯ ನೆರಳು ಮಾಪುಲೆಂಗಳ ಕಾಲಿನ ಮೇಲೆ ಬಂತು. ಮಡಿಲಿನ ಮೇಲೆ ಬಂತು. ಅವಳು ನೆರಳನ್ನು ನೋಡಿದಳು. ಯಾರ ಹತ್ತಿರವೂ ಏನೂ ಕೇಳಲಿಲ್ಲ. ಎದ್ದು ನಿಂತಳು.

"ಎಲ್ಲಿಗೆ, ಅತ್ತಿಗೆ?"

"ಮನೆಗೆ."

"ಬಟ್ಟೆ?"

"ಮೈಮೇಲಿದೆ."

ಬಾಗಿಲ ಸರಪಳಿ ಸೆಯಾಬಾತಾನ ಕೈಯಲ್ಲಿತ್ತು. ಗಾಜಿನಪ್ಪ ಕುರ್ಚಿಯಿಂದ ಎದ್ದು ಕೂಗಿದ. ಸೆಯಾಬಾತಾ ಅದನ್ನು ನಮ್ಮ ಭಾಷೆಗೆ ಮಾಡಲಿಲ್ಲ. ಸರಪಳಿ ಬಿಟ್ಟ. ಬಾಚಣಿಗೆಯನ್ನು ಮೇಜಿನ ಮೇಲಿಟ್ಟ.

ಮಾಪುಲೆಂಗ್ ಗೆರೆ ದಾಟಿದಳು. ಅದೇ ಹೊತ್ತಿಗೆ ಕಂಪನಿಯ ಲಾರಿ ಹೊರಟಿತು. ಒಳಗೆ ಪೆಟ್ಟಿಗೆ ಪೆಟ್ಟಿಗೆ ಹೂವು, ನಮ್ಮ ಹೆಬ್ಬೆರಳುಗಳು ಬೋಳಿಸಿದ್ದು. ಸಾರ್ಜೆಂಟ್ ಲಾರಿಗೆ ಬಲಗೈಯಲ್ಲಿ ಸಲ್ಯೂಟ್ ಹೊಡೆದ. ಎಡಗೈಯಲ್ಲಿ ಮಾಪುಲೆಂಗಳ ತೋಳು ಹಿಡಿದ.

ಅಲ್ಲೇ ಜೀಪಿನ ಮೂತಿಯ ಮೇಲೆ ಮಹಜರು ಬರೆಯಲು ಶುರುಮಾಡಿದ. ವಶಪಡಿಸಿಕೊಂಡ ವಸ್ತು ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಬಟ್ಟೆ ವಶಪಡಿಸಿಕೊಳ್ಳಬೇಕೆಂದರೆ ಕಳಚಬೇಕು. ಅವನೂ ನಮ್ಮವನೇ. ಅವನಿಗೂ ತಾಯಿ ಇದ್ದಳು, ಅವಳೂ ಥಾಪೊ ತೊಟ್ಟಿದ್ದಳು.

"ಕಳಚ್ತೀಯಾ ಮಗಾ?" ಎಂದು ಮಾನಾಪೊ ಮೆತ್ತಗೆ ಕೇಳಿದಳು. "ಕಳಚು. ಕುರಿ ತಂದಿದೀಯಾ?"

ಸಾರ್ಜೆಂಟ್ ಪೆನ್ನು ಒದರಿ ಬರೆದ. ಬರೆದದ್ದನ್ನು ಓದಿ ಹೇಳಬೇಕೆಂಬ ನಿಯಮ ಇರುವುದರಿಂದ ಓದಿಯೂ ಹೇಳಿದ: "ಕಪ್ಪು ಬಟ್ಟೆ ಒಂದು, ಒಳಗೆ ಹೆಂಗಸು ಒಬ್ಬಳು."

"ಸಾರ್, ಹೊತ್ತು ಮುಳುಗ್ತಾ ಇದೆ," ಎಂದ ಸೆಯಾಬಾತಾ. "ನಿಮ್ಮ ವಶದಲ್ಲಿರೋವಾಗ್ಲೇ ಮುಳುಗಿದ್ರೆ ಪಾಪ ನಿಮಗೇ."

ಸಾರ್ಜೆಂಟ್ ಗುಡ್ಡದ ಮೇಲಿನ ಸೂರ್ಯನನ್ನು ನೋಡಿದ. "ಹತ್ತಮ್ಮಾ, ಬೇಗ," ಎಂದ. ಆರೋಪಿಯನ್ನು ಹೊತ್ತು ಮುಳುಗುವ ಮುಂಚೆ ಮನೆ ಸೇರಿಸಲು ಪೊಲೀಸ್ ಜೀಪು ಸೈರನ್ ಹಾಕಿಕೊಂಡು ಗುಡ್ಡ ಹತ್ತಿತು. ನಾವು ಹಿಂದೆ ಓಡಿದೆವು.

ಮಾರನೆಯ ದಿನ ಪರೀಕ್ಷೆ ಮಾಡುವವರು ಬಂದರು. ಕತ್ತರಿಗಳು ಸಾಲಾಗಿ ಇದ್ದವು. ಕೈಗಳಿರಲಿಲ್ಲ. ಕೆಲವು ದಿನ ಹಾಗೇ ನಡೆಯಿತು. ಆಮೇಲೆ ಬೇರೆ ಊರಿಂದ ಹೆಂಗಸರನ್ನು ತಂದರು. ನಮ್ಮ ಒಲೆಗಳು ತಣ್ಣಗಾದವು. ಇದನ್ನು ಮುಚ್ಚಿಟ್ಟು ಕಥೆ ಹೇಳಲಾರೆ. ಮಾಪುಲೆಂಗಳನ್ನು ಬೈದುಕೊಂಡವರೂ ಇದ್ದರು. ನನ್ನ ತಾಯಿಯೇ ಬೈದಳು.

ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ವಸ್ತುವನ್ನು ಹಾಜರುಪಡಿಸಿ ಎಂದರು. ಮಾಪುಲೆಂಗ್ ಎದ್ದು ನಿಂತಳು. ತೂಕ ಎಷ್ಟು ಎಂದು ಕೇಳಿದರು. ಹೆಂಗಸಿನ ಸಮೇತವೋ, ಬಿಟ್ಟೋ ಎಂದು ಸಾರ್ಜೆಂಟ್ ಕೇಳಿದ. ಅಂಟು ನಿಜವಾಗಿ ಗಾಂಜಾದ್ದೇ ಎಂದು ಪರೀಕ್ಷೆ ಮಾಡಿಸಿ ಎಂದರು. ಪ್ರಯೋಗಾಲಯ ಹೊಳೆಯಾಚೆ ದೇಶದಲ್ಲಿತ್ತು. ಬಟ್ಟೆಯನ್ನು ಹೊಳೆ ದಾಟಿಸಿದರೆ ಅದು ಕಳ್ಳಸಾಗಣೆ ಆಗುತ್ತದೆ ಎಂದು ಸರ್ಕಾರಿ ವಕೀಲರೇ ಆಕ್ಷೇಪ ಎತ್ತಿದರು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಕೊನೆಗೆ ಆದೇಶ ಮಾಡಿದರು: ಮುಂದಿನ ವಿಚಾರಣೆಯ ತನಕ ವಸ್ತುವು ಆರೋಪಿಯ ಮೈಮೇಲೇ ಇರತಕ್ಕದ್ದು. ಒಗೆಯಬಾರದು, ಕಳಚಬಾರದು, ನಾಶಪಡಿಸಬಾರದು.

ವಿಚಾರಣೆ ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು. ಕೊಯ್ಲು ಬಂತು. ಜೋಳ ತೆನೆ ಬಿಟ್ಟು ಒಣಗಿ, ಕಣದಿಂದ ಬುಟ್ಟಿಗೆ ಬಂತು. ಥಾಪೊ ಇಳಿಸುವ ಕಾಲ ಆಯಿತು. ಕೋರ್ಟಿನಿಂದ ಮಾತ್ರ ಕರೆಯಿಲ್ಲ.

"ಇದೇನಪ್ಪ," ಎಂದಳು ಮಾನಾಪೊ. "ಮೊಹಾಪಿ ಒಂದೇ ಸಲ ಸತ್ತ. ಸರ್ಕಾರ ಇವಳನ್ನ ಸಾಯೋ ತನ್ಕ ವಿಧವೆ ಮಾಡ್ತು."

ಮಾಪುಲೆಂಗ್ ಮೈದುನನನ್ನು ಕರೆಸಿದಳು. ಸೆಯಾಬಾತಾನಿಗೆ ಆಗ ಕೆಲಸ ಇರಲಿಲ್ಲ. ಆಚೆ ದಡದಲ್ಲಿ ಯಾರದೋ ಕುರಿ ಕಾಯುತ್ತಿದ್ದ.

"ಕುರಿ ಇದೆಯಾ?"

"ಒಂದು ಕೂಲಿಗೆ ಕೊಟ್ಟಿದಾರೆ, ಅತ್ತಿಗೆ. ಬಡಕಲು."

"ಸಾಕು. ಗಂಡನ ಕಡೆಯವರು ನೀನೇ. ಬಂದು ತೆಗಿ."

"ಕೋರ್ಟು?"

"ಕೋರ್ಟು ನನ್ನ ಗಂಡನ ಕಡೆಯವ್ರಲ್ಲ."

ಆ ಬೆಳಿಗ್ಗೆ ಅಂಗಳದಲ್ಲಿ ಓಣಿಯೆಲ್ಲ ಸೇರಿತು. ಬಡಕಲು ಕುರಿ ಕಡಿದರು. ಹೆಂಡದ ಮಡಕೆ ಇಳಿಸಿದರು. ಹೆಂಗಸರು ಕಂಬಳಿ ಹಿಡಿದು ಗೋಡೆ ಮಾಡಿದೆವು. ಸೆಯಾಬಾತಾ ಕಣ್ಣು ಮುಚ್ಚಿಕೊಂಡು ಅತ್ತಿಗೆಯ ಹೆಗಲಿಂದ ಕಪ್ಪು ಹೊದಿಕೆ ತೆಗೆದ. ಉಳಿದದ್ದನ್ನು ನಾವು ತೆಗೆದೆವು. ನೀಲಿ ಅಂಗಿ ತೊಡಿಸಿದೆವು. ಅವಳ ತೋಳುಗಳು ಎಷ್ಟು ಸಣ್ಣಗಾಗಿದ್ದವೆಂದು ಅವತ್ತೇ ನೋಡಿದ್ದು.

ಬೆಂಕಿ ಹಚ್ಚುವ ಹೊತ್ತಿಗೆ ಜೀಪು ಬಂತು. ಯಾರು ಹೇಳಿದರೋ. ಸಾರ್ಜೆಂಟ್ ಇಳಿದು ಬಂದ.

"ಅಮ್ಮಾ, ಅದನ್ನ ಸುಡೋ ಹಾಗಿಲ್ಲ. ಅದು ಕೋರ್ಟಿನ ಬಟ್ಟೆ."

"ಮೈ ಯಾರ್ದು?" ಎಂದಳು ಮಾಪುಲೆಂಗ್.

ಸೆಯಾಬಾತಾ ಬಟ್ಟೆಯನ್ನು ಬೆಂಕಿಗೆ ಹಾಕಿದ. ಅಂಟು ಮೆತ್ತಿದ್ದ ಬಟ್ಟೆ ಚಟಪಟ ಎಂದಿತು. ದಪ್ಪಗೆ, ಬೆಳ್ಳಗೆ ಹೊಗೆ ಎದ್ದಿತು. ಆ ಘಾಟು ಅಂಗಳದಲ್ಲೆಲ್ಲ ತುಂಬಿತು. ಸಾರ್ಜೆಂಟ್ ಗಡಬಡಿಸಿ ಕರವಸ್ತ್ರ ಮೂಗಿಗೆ ಹಿಡಿದ.

"ಉಸಿರು ಬಿಗಿ ಹಿಡ್ಕೊ ಮಗಾ," ಎಂದಳು ಮಾನಾಪೊ. "ಈ ದಡದಲ್ಲಿ ಒಳಗೆ ಎಳ್ಕೊಂಡ್ರೆ ಅಪರಾಧ."

ಗಾಳಿ ಹೊಳೆಯ ಕಡೆ ಬೀಸುತ್ತಿತ್ತು. ಹೊಗೆ ಮನೆಗಳ ಮೇಲಿಂದ ಇಳಿದು, ಯಾರ ಪಾಸ್‌ಪೋರ್ಟೂ ಕೇಳದೆ, ನೀರಿನ ಮೇಲೆ ದಾಟಿ ಹೋಯಿತು. ಆಚೆ ದಡದಲ್ಲಿ ಮೊಹಾಪಿಯ ಸೋದರತ್ತೆ ಬಾಗಿಲಿಗೆ ಬಂದು ನಿಂತಿದ್ದು ಕಾಣಿಸಿತು. ಅವಳು ಕಾನೂನು ಪ್ರಕಾರ ವಯಸ್ಕಳು. ತನ್ನ ಹೊಸಿಲಲ್ಲಿ ನಿಂತು ಎಷ್ಟು ಬೇಕಾದರೂ ಉಸಿರಾಡಬಹುದು.

ಹೊದಿಕೆಯ ಅಂಚಿನ ಒಂದು ತುಂಡು ಬೆಂಕಿಯಿಂದ ಹೊರಗೆ ಉಳಿದಿತ್ತು. ಮಾಪುಲೆಂಗ್ ಬಗ್ಗಿ ಬರಿಗೈಯಲ್ಲೇ ಅದನ್ನು ಒಳಗೆ ತಳ್ಳಿದಳು. ಬೆರಳೆಲ್ಲ ಮಸಿ, ಕರಗಿದ ಅಂಟು.

"ಇದಕ್ಕೆ ಬೇರೆ ಕೇಸು ಆಗತ್ತಮ್ಮಾ," ಎಂದ ಸಾರ್ಜೆಂಟ್ ಕರವಸ್ತ್ರದೊಳಗಿಂದ. "ಸಾಕ್ಷ್ಯ ನಾಶ."

"ಹಾಕಿ, ಸಾರ್. ಹೊಸ ಬಟ್ಟೆ ಇದೆ. ಅದನ್ನ ಹಾಕ್ಕೊಂಡೇ ಬರ್ತೀನಿ."

ಥಾಪೊ ತೊಟ್ಟಷ್ಟು ದಿನ ಅವಳು ಯಾರ ಕೈಯನ್ನೂ ಕುಲುಕುವಂತಿರಲಿಲ್ಲ. ಈಗ ಕುಲುಕಬಹುದಿತ್ತು. ಕೈ ಮುಂದೆ ಚಾಚಿದಳು. ಸಾರ್ಜೆಂಟ್ ಕೋಳಕ್ಕೆಂದು ಸೊಂಟ ತಡಕಿದ. ಅಷ್ಟರಲ್ಲಿ ಅವಳು ಅವನ ಬಲಗೈಯನ್ನು ತನ್ನ ಎರಡೂ ಕೈಗಳಿಂದ ಹಿಡಿದುಕೊಂಡಳು. ಮನೆಗೆ ಬಂದ ದೊಡ್ಡವರ ಕೈ ಹಿಡಿಯುವ ಹಾಗೆ, ಗೌರವದಿಂದ, ನಿಧಾನವಾಗಿ, ಗಟ್ಟಿಯಾಗಿ ಕುಲುಕಿದಳು. ಬಿಟ್ಟಳು.

"ಈಗ ನಿಮ್ಮ ಕೈಲೂ ಇದೆ, ಸಾರ್," ಎಂದಳು. "ಯಾವ ದಡದಲ್ಲಿ ತೊಳ್ಕೋತೀರಾ?"

ಸಾರ್ಜೆಂಟ್ ತನ್ನ ಅಂಗೈ ನೋಡಿದ. ಜೀಪಿನತ್ತ ನೋಡಿದ. ಆಮೇಲೆ ಕೆಳಗೆ ಹೊಳೆಯತ್ತ ನೋಡಿದ. ಬೆರಳು ಬೆರಳಿಗೆ ಅಂಟಿಕೊಂಡಿತ್ತು.